ಮೈನಸ್ 20ರಲ್ಲೂ ಎಂಜಿನ್ ಕಾಯುವುದೇಕೆ?

ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮಿನ್ನೆಸೋಟದ ಕಾಡುದಾರಿಯಲ್ಲಿ ಸಲೀಸಾಗಿ ಓಡಿದ ಸ್ನೋಮೊಬೈಲ್, ಹೆಪ್ಪುಗಟ್ಟಿದ ಸರೋವರಕ್ಕೆ ಇಳಿದ ಕೂಡಲೇ ಎಂಜಿನ್ ಕಾದಿದೆ ಎನ್ನುವ ಕೆಂಪು ದೀಪ ತೋರಿಸಿತು ಅಂದಿದ್ದೀರಿ. ಥರ್ಮೋಸ್ಟಾಟ್ ಬದಲಿಸಲು ಅವಸರ ಬೇಡ.

ನಿಮ್ಮದು ಲಿಕ್ವಿಡ್ ಕೂಲ್ಡ್ ಗಾಡಿ. ಕೂಲಂಟ್‌ನ ಬಿಸಿ ಹೊರಹೋಗುವುದು ಮುಖ್ಯವಾಗಿ ಟ್ರ್ಯಾಕ್‌ನ (ಗಾಡಿಯಡಿ ಸುತ್ತುವ ಪಟ್ಟಿಯ) ಮೇಲ್ಗಡೆ ಇರುವ ಅಲ್ಯೂಮಿನಿಯಂ ಹೀಟ್ ಎಕ್ಸ್‌ಚೇಂಜರ್‌ಗಳ ಮೂಲಕ. ಟ್ರ್ಯಾಕ್ ಎರಚುವ ಹಿಮ ಅವಕ್ಕೆ ಅಂಟಿ ಕರಗಬೇಕು. ಕರಗುವಾಗಲೇ ಅದು ಶಾಖ ಹೀರುವುದು. ಗಾಳಿ ಎಷ್ಟೇ ಕೊರೆಯಲಿ, ಆ ಕೆಲಸ ಅದರಿಂದಾಗದು. ಗಟ್ಟಿ ಮಂಜುಗಡ್ಡೆಯ ಮೇಲೆ ಎರಚಲು ಹಿಮವೇ ಇಲ್ಲವಲ್ಲ! ಟ್ರ್ಯಾಕ್ ಒಳಗಿನ ಪ್ಲಾಸ್ಟಿಕ್ ಪಟ್ಟಿಗಳೂ ಹಿಮದ ತೇವವಿಲ್ಲದೆ ಸವೆಯುತ್ತವೆ.

ಐಸ್ ಸ್ಕ್ರ್ಯಾಚರ್ ಹಾಕಿಸಿ. ಸಸ್ಪೆನ್ಷನ್ ಹಳಿಗೆ ಕೂರುವ ಆ ಸ್ಪ್ರಿಂಗ್ ಕಡ್ಡಿಗಳು ಮಂಜುಗಡ್ಡೆಯನ್ನು ಕೆರೆದು ಪುಡಿ ಹಾರಿಸುತ್ತವೆ. ಹಳೆ ಮಾದರಿಯದಾದರೆ ರಿವರ್ಸ್ ಹಾಕುವ ಮುನ್ನ ಮೇಲೆತ್ತಿ, ಇಲ್ಲವಾದರೆ ಮುರಿದೀತು. ದೀಪ ಹತ್ತಿದರೆ, ಹತ್ತಿರದಲ್ಲೇ ಸುರಕ್ಷಿತವಾದ ಪುಡಿಹಿಮವಿದ್ದರೆ ಅದರೊಳಗೆ ಸ್ವಲ್ಪ ಓಡಿಸಿ. ಇಲ್ಲವೇ ಎಂಜಿನ್ ಆರಿಸಿ. ಬಿಸಿ ಇಳಿಯುವವರೆಗೆ ಕೂಲಂಟ್ ಮುಚ್ಚಳ ಮುಟ್ಟಬೇಡಿ.

ಪುಡಿಹಿಮದಲ್ಲೂ ಕಾಯುತ್ತಿದ್ದರೆ ಮಾತ್ರ ಕೂಲಂಟ್ ಮಟ್ಟ, ಪಂಪು, ಥರ್ಮೋಸ್ಟಾಟ್ ಪರೀಕ್ಷೆ ಮಾಡಿಸಿ.