20ರ ಗಡುವು ನೋಡುತ್ತ 11 ಮರೆತವರು

ತಿಂಗಳ 18ನೇ ತಾರೀಖು ಬಂತೆಂದರೆ ಆಡಿಟರ್ ಕಚೇರಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಣ್ಣದ ಅಂಗಡಿಯವರು ಕ್ಯಾರಿಬ್ಯಾಗಿನಲ್ಲಿ ತಂದ ಬಿಲ್ಲುಗಳನ್ನು ಮೇಜಿನ ಮೇಲೆ ಸುರಿಯುತ್ತಾರೆ. ಅರ್ಧದಷ್ಟು ಥರ್ಮಲ್ ಕಾಗದದವು, ಮೊತ್ತವೇ ಮಾಸಿರುತ್ತದೆ. ‘20ಕ್ಕೆ ಲಾಸ್ಟ್ ಡೇಟು, ಹೇಗಾದ್ರೂ ಮಾಡಿ ಸರ್’ ಎನ್ನುವುದು ಪ್ರತಿ ತಿಂಗಳ ಮಾತು.

ಎಡವುವುದು ಈ 20ರಲ್ಲೇ. ಅದು ತೆರಿಗೆ ಕಟ್ಟಿ ಜಿಎಸ್‌ಟಿಆರ್‌–3ಬಿ ಸಲ್ಲಿಸಲು ಕೊನೆಯ ದಿನ. ಮಾರಾಟದ ವಿವರವಿರುವ ಜಿಎಸ್‌ಟಿಆರ್‌–1 ಅನ್ನು ತಿಂಗಳ ರಿಟರ್ನ್ ಹಾಕುವವರು 11ರೊಳಗೇ ಸಲ್ಲಿಸಬೇಕು. 14ರಂದು ಪೋರ್ಟಲ್ ಖರೀದಿದಾರರಿಗೆ ತೆರಿಗೆ ಹೊಂದಿಸಿಕೊಳ್ಳಬಹುದಾದ ಬಿಲ್ಲುಗಳ 2ಬಿ ಎಂಬ ಪಟ್ಟಿ ತಯಾರಿಸುತ್ತದೆ. 11 ದಾಟಿ ಹಾಕಿದ ಬಿಲ್ ಅದರಲ್ಲಿ ಇರುವುದಿಲ್ಲ. ಒಂದು ಲಕ್ಷ ರೂಪಾಯಿಯ ಬಣ್ಣ ಕೊಂಡ ಕಂಟ್ರಾಕ್ಟರ್ ಶೇ 18ರಂತೆ 18,000 ರೂಪಾಯಿ ತೆರಿಗೆಯನ್ನು ಅಂಗಡಿಗೆ ಕೊಟ್ಟಾಗಿರುತ್ತದೆ. ಆದರೂ ಆ ತಿಂಗಳು ಅದನ್ನು ತಮ್ಮ ತೆರಿಗೆಗೆ ಹೊಂದಿಸಿಕೊಳ್ಳುವಂತಿಲ್ಲ, ಕೈಯಿಂದ ಕಟ್ಟಬೇಕು. ಮುಂದಿನ ತಿಂಗಳು ಸಿಗುತ್ತದೆ, ನಿಜ. ಅಷ್ಟರಲ್ಲಿ ಅವರು ಅಂಗಡಿಯ ಬಾಕಿ ತಡೆಹಿಡಿದಿರುತ್ತಾರೆ, ಇಲ್ಲವೇ ಬೇರೆ ಅಂಗಡಿ ನೋಡಿಕೊಂಡಿರುತ್ತಾರೆ. ದಿನಕ್ಕೆ 50 ರೂಪಾಯಿಯ ವಿಳಂಬ ಶುಲ್ಕಕ್ಕೆ ಹೆದರುವವರು ಈ ನಷ್ಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ತಿಂಗಳನ್ನು ಹೀಗೆ ಹಂಚಿಕೊಂಡರೆ ಓಟ ತಪ್ಪುತ್ತದೆ.

ದಿನವೂ: ಶಟರ್ ಎಳೆಯುವ ಮುನ್ನ ಆ ದಿನದ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸಬೇಕು. ಥರ್ಮಲ್ ಬಿಲ್ಲುಗಳ ಫೋಟೊ ಅಂದೇ ತೆಗೆದಿಡಬೇಕು.

1ರಿಂದ 5: ಬಿಲ್ ನಂಬರು ಎಲ್ಲಾದರೂ ಜಿಗಿದಿದೆಯೇ ಎಂದು ನೋಡಬೇಕು. ಪಾರ್ಟಿಯ ಜಿಎಸ್‌ಟಿ ನಂಬರಿನ 15 ಅಕ್ಷರಗಳನ್ನು ಒಂದೊಂದಾಗಿ ತಾಳೆ ಹಾಕಬೇಕು. ಒಂದು ತಪ್ಪಿದರೂ ಬಿಲ್ ಅವರ 2ಬಿಗೆ ಸೇರುವುದಿಲ್ಲ.

8ರೊಳಗೆ: ಜಿಎಸ್‌ಟಿಆರ್‌–1 ಸಲ್ಲಿಸುವುದು ಕ್ಷೇಮ. ಕೊನೆಯ ದಿನ ಸರ್ವರ್ ನಂಬಿ ಕೂರುವುದು ಜೂಜು. ಬಿಟ್ಟುಹೋದದ್ದನ್ನು 3ಬಿಗೆ ಮುನ್ನ ಜಿಎಸ್‌ಟಿಆರ್‌–1ಎ ಎಂಬ ತಿದ್ದುಪಡಿ ನಮೂನೆಯ ಮೂಲಕ ಸರಿಪಡಿಸಬಹುದು.

14ರಿಂದ 16: 2ಬಿ ತೆಗೆದು ಖರೀದಿ ಬಿಲ್ಲುಗಳೊಂದಿಗೆ ಹೋಲಿಸಬೇಕು. ಕಾಣದ ಬಿಲ್ಲಿಗೆ ಮಾರಿದವರಿಗೆ ಅಂದೇ ಫೋನ್ ಮಾಡಬೇಕು. 20ರ ಸಂಜೆ ಯಾರೂ ಫೋನ್ ಎತ್ತುವುದಿಲ್ಲ.

17, 18: ಚಲನ್ ಕಟ್ಟಿ 3ಬಿ ಸಲ್ಲಿಸಬೇಕು. ಒಟಿಪಿ ಬರುವ ಮೊಬೈಲ್ ಯಾರದೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಕೆಲಸ ಬಿಟ್ಟುಹೋದ ಗುಮಾಸ್ತರ ನಂಬರೇ ಇನ್ನೂ ಇರುವುದುಂಟು. ತಡವಾಗಿ ಕಟ್ಟಿದ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ.

ವಹಿವಾಟು 5 ಕೋಟಿ ರೂಪಾಯಿವರೆಗಿದ್ದು ಮೂರು ತಿಂಗಳ ರಿಟರ್ನ್ ಆಯ್ದುಕೊಂಡವರಿಗೆ ದಿನಾಂಕಗಳು ಬೇರೆ. ಜಿಎಸ್‌ಟಿಆರ್‌–1ಕ್ಕೆ 13, ಕರ್ನಾಟಕದಲ್ಲಿ 3ಬಿಗೆ 22. ಆದರೆ ಮೊದಲ ಎರಡು ತಿಂಗಳ ತೆರಿಗೆಯನ್ನು ಆಯಾ ಮುಂದಿನ ತಿಂಗಳ 25ರೊಳಗೆ ಕಟ್ಟಲೇಬೇಕು. ವ್ಯಾಪಾರವೇ ಇಲ್ಲದ ಅವಧಿಯ ರಿಟರ್ನನ್ನೂ ಬಿಡುವಂತಿಲ್ಲ, 14409ಕ್ಕೆ ಎಸ್‌ಎಂಎಸ್ ಕಳಿಸಿಯೂ ಸಲ್ಲಿಸಬಹುದು.