ಮಧುಮೇಹದ ಮುನ್ನರಿವು: ನಾಲ್ಕು ಪ್ರಶ್ನೆಗಳ ಲೆಕ್ಕ

ರೋಗಗಳಲ್ಲಿ ಕೆಲವು ಸದ್ದು ಮಾಡುತ್ತ ಬರುತ್ತವೆ, ಕೆಲವು ಸದ್ದಿಲ್ಲದೆ ಬಂದು ನೆಲೆಸುತ್ತವೆ. ಸಕ್ಕರೆ ಕಾಯಿಲೆಯೆಂದು ಜನರು ಕರೆಯುವ ಎರಡನೆಯ ಬಗೆಯ ಮಧುಮೇಹ ಸದ್ದಿಲ್ಲದ ಜಾತಿಯದು. ವರ್ಷಗಟ್ಟಲೆ ನೋವಿಲ್ಲ, ಜ್ವರವಿಲ್ಲ. ಕಾಲಿನ ಹುಣ್ಣು ಮಾಯದಿದ್ದಾಗಲೋ ಕಣ್ಣು ಮಂಜಾದಾಗಲೋ ರೋಗ ಬಯಲಾದರೆ, ಅಷ್ಟರಲ್ಲಿ ನರಗಳಿಗೂ ಮೂತ್ರಪಿಂಡಗಳಿಗೂ ಹಾನಿ ತಟ್ಟಿರುವುದುಂಟು.

ಉತ್ತರ ಪಿನಾಕಿನಿಯ ದಡದ ನಾಗಲಮಡಿಕೆಯಂತಹ ಬಯಲುಸೀಮೆಯ ಊರುಗಳಲ್ಲಿ, ಇದು ಪಟ್ಟಣದ ಸಿರಿವಂತರ ರೋಗವೆಂಬ ನಂಬಿಕೆ ಸುಲಭವಾಗಿ ಬೇರೂರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆ ಬೇರೆಯದನ್ನೇ ಹೇಳುತ್ತದೆ. ವಯಸ್ಕರಲ್ಲಿ ಮಧುಮೇಹವು ಪಟ್ಟಣಗಳಲ್ಲಿ ಶೇಕಡಾ 16.4, ಹಳ್ಳಿಗಳಲ್ಲಿ 8.9. ಆದರೆ ರೋಗದ ಹೊಸ್ತಿಲೆನಿಸಿದ ಪೂರ್ವಸ್ಥಿತಿಯು ಪಟ್ಟಣಗಳಲ್ಲಿ 15.4, ಹಳ್ಳಿಗಳಲ್ಲಿ 15.2. ಹೊಸ್ತಿಲಲ್ಲಿ ನಿಂತವರ ಪ್ರಮಾಣದಲ್ಲಿ ಹಳ್ಳಿಗೂ ಪಟ್ಟಣಕ್ಕೂ ಭೇದವಿಲ್ಲವೆಂದೇ ಹೇಳಬೇಕು.

ಇಂತಹವರನ್ನು ಗುರುತಿಸುವ ಬಗೆ ಹೇಗೆ? ಚೆನ್ನೈನ ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಸರಳವಾದ ಅಂಕಪಟ್ಟಿಯೊಂದನ್ನು ಪ್ರಕಟಿಸಿದರು. ಅದಕ್ಕೆ ಬೇಕಾದುದು ನಾಲ್ಕು ಸಂಗತಿಗಳು ಮಾತ್ರ.

1. ವಯಸ್ಸು: 35ರ ಒಳಗಿದ್ದರೆ ಸೊನ್ನೆ, 35ರಿಂದ 49ರವರೆಗೆ 20, 50 ಮತ್ತು ಮೇಲ್ಪಟ್ಟರೆ 30.

2. ಸೊಂಟದ ಸುತ್ತಳತೆ: ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸೊನ್ನೆ, ಅಲ್ಲಿಂದ ಹತ್ತು ಸೆಂಟಿಮೀಟರಿನೊಳಗೆ 10, ಅದಕ್ಕೂ ಮೀರಿದರೆ 20.

3. ದೈಹಿಕ ಶ್ರಮ: ಕಷ್ಟದ ದುಡಿಮೆಯೂ ನಿಯತ ವ್ಯಾಯಾಮವೂ ಇದ್ದರೆ ಸೊನ್ನೆ, ಎರಡೂ ಇಲ್ಲದೆ ಕುಳಿತೇ ದಿನ ಕಳೆಯುವವರಿಗೆ 30, ನಡುವಣ ಸ್ಥಿತಿಗೆ ನಡುವಣ ಅಂಕ.

4. ವಂಶ: ತಂದೆತಾಯಿಗಳಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ 10, ಇಬ್ಬರಿಗೂ ಇದ್ದರೆ 20.

ಮೊತ್ತ 60 ಅಥವಾ ಹೆಚ್ಚಾದರೆ ಅಪಾಯ ಅಧಿಕ. ಉದಾಹರಣೆಗೆ, 52 ವರ್ಷದ ಅಂಗಡಿಯವನೊಬ್ಬನ ಸೊಂಟ 94 ಸೆಂಟಿಮೀಟರಿದ್ದು, ಆತ ಹಗಲೆಲ್ಲ ಕುಳಿತೇ ಇದ್ದರೆ, ವಂಶದಲ್ಲಿ ರೋಗವಿಲ್ಲದಿದ್ದರೂ ಅಂಕ 70 ಆಗುತ್ತದೆ.

ಈ ಲೆಕ್ಕದಲ್ಲಿ ಅಡಗಿರುವ ಪಾಠ ದೊಡ್ಡದು. ವಯಸ್ಸನ್ನು ಹಿಂದೆ ಸರಿಸಲಾಗದು, ವಂಶವನ್ನು ಬದಲಿಸಲಾಗದು. ಆದರೆ ಸೊಂಟವೂ ಶ್ರಮವೂ ಮನುಷ್ಯನ ಕೈಯಲ್ಲಿವೆ. ಅದೇ ಅಂಗಡಿಯವನು ನಿತ್ಯ ವ್ಯಾಯಾಮ ಮಾಡಿ ಸೊಂಟವನ್ನು 90ರೊಳಗೆ ತಂದರೆ ಅಂಕವು 60ರ ಕೆಳಗಿಳಿಯುತ್ತದೆ. ಇದು ಬರಿಯ ಲೆಕ್ಕವಲ್ಲ. ಡಾ. ಎ. ರಾಮಚಂದ್ರನ್ ಅವರ ತಂಡವು ಪೂರ್ವಸ್ಥಿತಿಯ 531 ಮಂದಿಯಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರ ಮತ್ತು ನಡಿಗೆಯ ಕ್ರಮವನ್ನು ಪಾಲಿಸಿದವರಲ್ಲಿ ರೋಗಕ್ಕೆ ತಿರುಗುವ ಸಂಭವ ಶೇಕಡಾ 28.5ರಷ್ಟು ತಗ್ಗಿತು.

ಅಂಕವು ರೋಗನಿರ್ಣಯವಲ್ಲ, ಎಚ್ಚರಿಕೆ ಮಾತ್ರ. ನಿರ್ಣಯಕ್ಕೆ ರಕ್ತಪರೀಕ್ಷೆಯೇ ಬೇಕು. ಬರಿಹೊಟ್ಟೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು ಸಕ್ಕರೆ ಮತ್ತೊಮ್ಮೆ ಪರೀಕ್ಷಿಸಿದಾಗಲೂ ಕಂಡರೆ ಮಧುಮೇಹವೆಂದು ತಿಳಿಯಬೇಕು. ಅಂಕ ಕಡಿಮೆಯೆಂದು ಮೈಮರೆಯುವುದೂ ಸಲ್ಲದು. ತೆಳ್ಳಗಿನವರಿಗೂ ಈ ರೋಗ ಬರುವುದುಂಟು. ಸರ್ಕಾರದ ಕ್ರಮದಲ್ಲಿ 30 ತುಂಬಿದ ಎಲ್ಲರಿಗೂ ತಪಾಸಣೆ ವಿಹಿತವಾಗಿದೆ. ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ಇಂತಹುದೇ ಪ್ರಶ್ನಾವಳಿಯನ್ನು ತುಂಬಿಸುತ್ತಾರೆ. ಕರ್ನಾಟಕದ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಕೋಲಾರದಿಂದ ಮೊದಲಾಯಿತು.

ತಪಾಸಣೆ ಫಲಿಸುವುದು ಅದರ ಮುಂದಿನ ಹೆಜ್ಜೆಯಿಂದ. ಪತ್ತೆಯಾದವನು ಔಷಧಿ, ಪಥ್ಯ ಮತ್ತು ಮರುಪರೀಕ್ಷೆಗಳನ್ನು ಬಿಟ್ಟರೆ ಪಟ್ಟಿಯಲ್ಲಿ ಹೆಸರು ಸೇರಿದ್ದರಿಂದ ಪ್ರಯೋಜನವಿಲ್ಲ. ಅಳತೆಪಟ್ಟಿ ಹಿಡಿದು ಕೂಡುವ ಲೆಕ್ಕ ಬಲ್ಲ ವಿದ್ಯಾರ್ಥಿಯು ಮನೆಯ ಹಿರಿಯರ ಅಂಕವನ್ನು ತಾನೇ ಎಣಿಸಬಲ್ಲನು. ಎಣಿಸಿದ ಬಳಿಕ ಅವರನ್ನು ಸಮೀಪದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರೆ, ಕಲಿತ ವಿದ್ಯೆ ಮನೆಗೂ ಊರಿಗೂ ಸಂದಂತಾಗುತ್ತದೆ.