ಅಣುಕಸದಲ್ಲಿ ಅಡಗಿದ ಬೆಂಕಿ

ಅಣುಶಕ್ತಿಯ ಕಾರ್ಖಾನೆಯೊಂದರಲ್ಲಿ ಅನಾಹುತವಾಯಿತೆಂದು ಕೇಳಿದೊಡನೆ ನಮ್ಮ ಬಾಲಕರ ಕಣ್ಣ ಮುಂದೆ ಅಣುಬಾಂಬಿನ ಕೊಡೆಯಾಕಾರದ ಹೊಗೆಯೇ ನಿಲ್ಲುತ್ತದೆ. ಹಿರಿಯರ ಕಲ್ಪನೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ವಿಕಿರಣ ಸೂಸುವ ಕಸವನ್ನು ಸಂಸ್ಕರಿಸಿ ಕೂಡಿಡುವ ಸ್ಥಳಗಳಲ್ಲಿ ಸಂಭವಿಸಿದ ಮೂರು ದುರಂತಗಳನ್ನು ಈ ಪಾಠದಲ್ಲಿ ವಿವರಿಸಲೆಳಸುತ್ತೇವೆ. ಮೂರರಲ್ಲಿಯೂ ಒಡೆದುದು ಪರಮಾಣುವಿನ ಗರ್ಭವಲ್ಲ. ಶಾಲೆಯ ರಸಾಯನ ಪಾಠದಲ್ಲಿಯೇ ಬರುವ ಒಂದು ಬಗೆಯ ಉಪ್ಪು ಅಲ್ಲಿ ಕೆಲಸ ಮಾಡಿತು.

ಜಾತ್ರೆಯ ಬಾಣಬಿರುಸನ್ನು ನೋಡದ ಮಗುವುಂಟೆ? ಅದರೊಳಗಿನ ಮದ್ದು ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲುಗಳ ಮಿಶ್ರಣ. ಪೆಟ್ಲುಪ್ಪು ಒಂದು ನೈಟ್ರೇಟು ಲವಣ. ಅದರ ಒಡಲಿನಲ್ಲಿ ಆಮ್ಲಜನಕವು ಹೇರಳವಾಗಿ ಸೆರೆಯಾಗಿರುತ್ತದೆ. ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದರೆ ಗಾಳಿ ತಪ್ಪಿ ಬೆಂಕಿ ನಂದುತ್ತದೆ. ನೈಟ್ರೇಟು ಬೆರೆತ ಇಂಧನಕ್ಕೆ ಹೊರಗಿನ ಗಾಳಿಯ ಹಂಗಿಲ್ಲ. ಇಂಧನ, ನೈಟ್ರೇಟು, ಶಾಖ ಈ ಮೂರೂ ಒಂದೆಡೆ ಸೇರಿದರೆ, ಮುಚ್ಚಿದ ಪಾತ್ರೆಯೊಳಗೂ ಅದು ಉರಿದೀತು, ಸಿಡಿದೀತು.

ಅಣುಕಸದಲ್ಲಿ ನೈಟ್ರೇಟು ಎಲ್ಲಿಂದ ಬಂದಿತೆಂದು ಕೇಳಬಹುದು. ಅಣುಕುಲುಮೆಯಲ್ಲಿ ಬಳಸಿ ತೆಗೆದ ಯುರೇನಿಯಮ್ ಸರಳುಗಳಿಂದ ಪ್ಲುಟೋನಿಯಮ್ಮನ್ನು ಬೇರ್ಪಡಿಸಬೇಕಾದರೆ ಆ ಸರಳುಗಳನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಬೇಕಾದುದನ್ನು ತೆಗೆದುಕೊಂಡ ತರುವಾಯ ಉಳಿಯುವ ದ್ರವದಲ್ಲಿ ನೈಟ್ರೇಟು ಲವಣಗಳೂ ವಿಕಿರಣ ವಸ್ತುಗಳೂ ಕೂಡಿಯೇ ಇರುತ್ತವೆ. ಬಲವಾದ ವಿಕಿರಣವುಳ್ಳ ಕಸವು ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತದೆ. ಅದನ್ನು ಎಡೆಬಿಡದೆ ತಂಪಾಗಿಡಬೇಕು.

ಆ ತಂಪು ತಪ್ಪಿದುದು 1957ರಲ್ಲಿ, ಸೋವಿಯತ್ ಒಕ್ಕೂಟದ ಯುರಾಲ್ ಪ್ರಾಂತದಲ್ಲಿ. ಅಲ್ಲಿಯ ಮಾಯಾಕ್ ಎಂಬ ಕಾರ್ಖಾನೆಯು ಅಣುಬಾಂಬಿಗೆ ಪ್ಲುಟೋನಿಯಮ್ ಸಿದ್ಧಪಡಿಸುತ್ತಿತ್ತು. ಅದರ ಕೆಲಸಗಾರರಿದ್ದ ಊರಿಗೆ ಭೂಪಟದಲ್ಲಿ ಹೆಸರೇ ಇರಲಿಲ್ಲ. ಆದುದರಿಂದಲೇ ಈ ದುರಂತವು ಹತ್ತಿರದ ಬೇರೊಂದು ಪಟ್ಟಣವಾದ ಕಿಷ್ಟಿಮ್‌ನ ಹೆಸರಿನಿಂದ ಪ್ರಸಿದ್ಧವಾಯಿತು. ನೆಲದಲ್ಲಿ ಹೂತಿದ್ದ ತೊಟ್ಟಿಯೊಂದರಲ್ಲಿ ಎಪ್ಪತ್ತೆಂಬತ್ತು ಟನ್ನುಗಳಷ್ಟು ಕಸವಿತ್ತು. ಅದನ್ನು ತಂಪುಗೊಳಿಸುವ ವ್ಯವಸ್ಥೆ ಕೆಟ್ಟುಹೋದುದನ್ನು ಸಕಾಲದಲ್ಲಿ ಸರಿಪಡಿಸಲಿಲ್ಲ. ನೀರೆಲ್ಲ ಆವಿಯಾಗಿ, ತಳದಲ್ಲಿ ನೈಟ್ರೇಟು ಮತ್ತು ಅಸಿಟೇಟು ಲವಣಗಳು ಒಣಗಿ ನಿಂತವು. ಅಸಿಟೇಟು ಇಂಧನ, ನೈಟ್ರೇಟು ಆಮ್ಲಜನಕದ ಉಗ್ರಾಣ. ಶಾಖವಂತೂ ಏರುತ್ತಲೇ ಇತ್ತು. ಸೆಪ್ಟೆಂಬರ್ 29ರ ಭಾನುವಾರ ಸಂಜೆ ತೊಟ್ಟಿ ಸಿಡಿಯಿತು. ಸುಮಾರು 160 ಟನ್ ತೂಕದ ಕಾಂಕ್ರೀಟು ಮುಚ್ಚಳವು ಹಾರಿಬಿತ್ತು. ಚಿಮ್ಮಿದ ವಿಕಿರಣ ವಸ್ತುವಿನ ಹತ್ತರಲ್ಲಿ ಒಂಬತ್ತು ಪಾಲು ಸನಿಹದಲ್ಲಿಯೇ ಬಿದ್ದಿತು. ಉಳಿದುದು ಮೋಡವಾಗಿ ಈಶಾನ್ಯಕ್ಕೆ ತೇಲಿ, ಸುಮಾರು 300 ಕಿಲೋಮೀಟರ್ ಉದ್ದದ ಪಟ್ಟಿಯಾಗಿ ನೆಲದ ಮೇಲೆ ಇಳಿಯಿತು.

ರಾತ್ರಿಯ ಆಕಾಶದ ವಿಚಿತ್ರ ಹೊಳಪನ್ನು ಸ್ಥಳೀಯ ಪತ್ರಿಕೆಯೊಂದು ಧ್ರುವಪ್ರಭೆಯೆಂದು ಓದುಗರಿಗೆ ವರ್ಣಿಸಿತು! ಅದು ಫಸಲಿನ ಕಾಲ. ಮೋಡದ ಹಾದಿಯಲ್ಲಿ ಬಷ್ಕೀರ್ ಮತ್ತು ತಾತಾರ್ ಜನರ ಹಳ್ಳಿಗಳಿದ್ದವು. ಅತಿ ಸಮೀಪದ ಹಳ್ಳಿಗಳವರನ್ನು ಒಂದೆರಡು ವಾರಗಳೊಳಗೆ ಎಬ್ಬಿಸಿದರು. ಮಿಕ್ಕವರು ಸ್ಥಳಾಂತರಗೊಳ್ಳುವಷ್ಟರಲ್ಲಿ ತಿಂಗಳುಗಳೇ ಉರುಳಿದ್ದವು. ಒಟ್ಟಿನಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿದ ಜನ ನೆಲೆ ತಪ್ಪಿದರು. ಅಷ್ಟರಲ್ಲಿ ತಾವು ಬೆಳೆದುದನ್ನು ಉಂಡಿದ್ದರು, ಹಸುಗಳ ಹಾಲನ್ನು ಕುಡಿದಿದ್ದರು. ಬಿದ್ದ ಧೂಳಿನಲ್ಲಿದ್ದ ಸ್ಟ್ರಾನ್ಷಿಯಮ್-90 ಸುಣ್ಣದ ಅಂಶವನ್ನು ಹೋಲುವುದರಿಂದ ಮೂಳೆಯಲ್ಲಿ ನೆಲೆಸುತ್ತದೆ. ಅದರ ಬಲವು ಅರ್ಧಕ್ಕಿಳಿಯಲು ಸುಮಾರು 29 ವರ್ಷ ಬೇಕು. ದೇಶಬಿಟ್ಟು ಬಂದಿದ್ದ ಜೀವವಿಜ್ಞಾನಿ ಜೋರೆಸ್ ಮೆದ್ವೆದೇವರು 1976ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಈ ಸಂಗತಿಯನ್ನು ಬರೆದಾಗ ಪಾಶ್ಚಾತ್ಯ ತಜ್ಞರಲ್ಲಿಯೇ ಕೆಲವರು ನಂಬಲಿಲ್ಲ. ಸೋವಿಯತ್ ಸರ್ಕಾರವು ಒಪ್ಪಿಕೊಂಡುದು 1989ರಲ್ಲಿ. ತಮ್ಮ ಹೊಲವನ್ನು ಏಕೆ ಬಿಡಬೇಕಾಯಿತೆಂಬುದನ್ನು ಆ ರೈತರಿಗೆ ತಿಳಿಸದಿದ್ದುದು, ನಮ್ಮ ಅಭಿಪ್ರಾಯದಲ್ಲಿ, ಸ್ಫೋಟಕ್ಕಿಂತ ಕಿರಿದಾದ ಅಪರಾಧವಲ್ಲ.

ಎರಡನೆಯ ಪ್ರಸಂಗವು ಜಪಾನಿನದು. ತೋಕಾಯ್ ಎಂಬಲ್ಲಿ ಸೌಮ್ಯ ವಿಕಿರಣದ ಲವಣಕಸವನ್ನು ಕಾಯಿಸಿದ ಡಾಂಬರಿನೊಡನೆ ಕಲಸಿ ಪೀಪಾಯಿಗಳಲ್ಲಿ ತುಂಬುತ್ತಿದ್ದರು. ಡಾಂಬರು ಇಂಧನವಲ್ಲವೆ? 1997ರ ಮಾರ್ಚ್ 11ರ ಬೆಳಗ್ಗೆ ಪೀಪಾಯಿಗಳಿಗೆ ಬೆಂಕಿ ಹೊತ್ತಿತು. ಒಂದು ನಿಮಿಷದಷ್ಟು ಕಾಲ ನೀರು ಸಿಂಪಡಿಸಿ, ಜ್ವಾಲೆ ಕಾಣದಾದಾಗ ನಿಲ್ಲಿಸಿದರು. ಬಿಸಿ ಮುದ್ದೆಯನ್ನು ಉಂಡ ನಮ್ಮ ಮಕ್ಕಳಿಗೆ ಇಲ್ಲಿಯ ತಪ್ಪು ಹೊಳೆದೀತು. ಹೊರಮೈ ಆರಿದರೂ ಮುದ್ದೆಯ ಒಳಗು ಕೈ ಸುಡುತ್ತದೆ. ಪೀಪಾಯಿಗಳ ಒಳಗಿನ ಶಾಖ ತಣಿಯದೆ, ಉರಿಯಬಲ್ಲ ಅನಿಲ ಕೋಣೆಯಲ್ಲಿ ತುಂಬಿಕೊಂಡು, ಹತ್ತು ಗಂಟೆಗಳ ಬಳಿಕ ರಾತ್ರಿ ಸ್ಫೋಟವಾಗಿ ಕಿಟಕಿಬಾಗಿಲುಗಳು ಒಡೆದವು. 37 ಮಂದಿ ಕೆಲಸಗಾರರ ದೇಹದೊಳಕ್ಕೆ ಅಲ್ಪ ಪ್ರಮಾಣದ ವಿಕಿರಣ ವಸ್ತು ಸೇರಿತು. ಬೆಂಕಿ ನಂದಿದುದನ್ನು ಪರೀಕ್ಷಿಸಿ ನೋಡಿದೆವೆಂದು ಸಂಸ್ಥೆಯು ಸರ್ಕಾರಕ್ಕೆ ಕೊಟ್ಟ ವರದಿ ಸುಳ್ಳೆಂದು ಅನಂತರ ಬಯಲಾಯಿತು.

ಮೂರನೆಯದು ಭಾಷೆಯ ಪಾಠವೂ ಹೌದು. ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನದ ಕಾರ್ಲ್ಸ್‌ಬಾಡ್ ಪಟ್ಟಣದ ಹತ್ತಿರ, ನೆಲದಡಿ 655 ಮೀಟರ್ ಆಳದ ಉಪ್ಪಿನ ಪದರದಲ್ಲಿ ಪ್ಲುಟೋನಿಯಮ್ ಬೆರೆತ ಕಸವನ್ನು 1999ರಿಂದ ಹೂಳುತ್ತಿದ್ದಾರೆ. ಲಾಸ್ ಅಲಮಾಸ್ ಪ್ರಯೋಗಶಾಲೆಯಿಂದ ಬರುವ ಪೀಪಾಯಿಗಳಲ್ಲಿ ನೈಟ್ರೇಟು ಲವಣವಿತ್ತು. ಅದರ ತೇವವನ್ನು ಹೀರಲು, ಬೆಕ್ಕು ಸಾಕುವವರು ಬೆಕ್ಕಿನ ಮೂತ್ರ ಹೀರಲೆಂದು ತಟ್ಟೆಯಲ್ಲಿ ಹರಡುವ ಪುಡಿಯನ್ನು ಬೆರೆಸುತ್ತಿದ್ದರು. ಆ ಪುಡಿ ಜೇಡಿಮಣ್ಣಿನಂಥ ಖನಿಜದ್ದಾಗಿರಬೇಕಿತ್ತು, ಎಂದರೆ ನಿರವಯವ ಪದಾರ್ಥ. ಕೆಲಸದ ವಿಧಿಪತ್ರದಲ್ಲಿ ಸಾವಯವ ಎಂದು ಬರೆಯಲಾಯಿತು. ಇಂಗ್ಲಿಷಿನಲ್ಲಿ ಈ ಎರಡು ಪದಗಳ ನಡುವಣ ಅಂತರ ಎರಡೇ ಅಕ್ಷರ. ಗೋಧಿಯಿಂದ ಮಾಡಿದ ಪುಡಿ ಬಂದಿತು. ಗೋಧಿ ಉರಿಯುವ ವಸ್ತು. ‘ಸಾವಯವ, ನಿರವಯವ ಎಂಬ ಬಾಯಿ ತಿರುಗದ ಶಬ್ದಗಳನ್ನು ಮಕ್ಕಳು ಏಕೆ ಉರುಹೊಡೆಯಬೇಕು?’ ಎಂದು ಕೆಲವು ಪೋಷಕರು ನಮ್ಮನ್ನು ಕೇಳುವುದುಂಟು. ಅವರಿಗೆ ಈ ಪೀಪಾಯಿಯ ಕಥೆಯನ್ನು ಹೇಳುತ್ತೇವೆ.

2014ರ ಫೆಬ್ರವರಿ 14ರ ರಾತ್ರಿ ಅಂಥ ಒಂದು ಪೀಪಾಯಿ ಒಳಗೊಳಗೇ ಕಾದು ಬಾಯಿಬಿಟ್ಟಿತು. ಆಗ ನೆಲದಡಿ ಯಾರೂ ಇರಲಿಲ್ಲವೆಂಬುದು ಭಾಗ್ಯ. ಗಾಳಿಯ ಕೊಳವೆಯ ಮೂಲಕ ಕಿಂಚಿತ್ತು ವಿಕಿರಣ ವಸ್ತು ಮೇಲಕ್ಕೂ ಬಂದು, ಇಪ್ಪತ್ತಕ್ಕೂ ಹೆಚ್ಚು ನೌಕರರ ದೇಹದಲ್ಲಿ ಅದರ ಲೇಶ ಕಂಡುಬಂದಿತು. ಗಣಿಯಲ್ಲಿ ಕಸ ಹೂಳುವ ಕೆಲಸ ಸುಮಾರು ಮೂರು ವರ್ಷ ನಿಂತು, 2017ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಪ್ರಯೋಗಶಾಲೆಯಲ್ಲಿ ಉಳಿದಿದ್ದ ಅದೇ ಬಗೆಯ ಪೀಪಾಯಿಗಳನ್ನು ಕಾವಲಿಟ್ಟು ತಂಪಾಗಿ ಕಾದುಕೊಂಡಿದ್ದು, ಅದೇ ವರ್ಷ ಒಂದೊಂದನ್ನಾಗಿ ತೆರೆದು, ನೀರನ್ನೂ ಜಿಯೋಲೈಟ್ ಎಂಬ ಖನಿಜದ ಪುಡಿಯನ್ನೂ ಸೇರಿಸಿ ಮತ್ತೆ ಕಲಸಿದರು.